ಮಗುವಿನ ಬಾಯಿಗಿಡುವ ನಿಪ್ಪಲ್: ಕುದಿಸುವ ಮೊದಲು ತೊಳೆಯಿರಿ

ಬಸ್ಸಿನಲ್ಲಿ, ಮದುವೆ ಛತ್ರದಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ದಿನವೂ ಕಾಣಸಿಗುವ ದೃಶ್ಯವಿದು. ತಾಯಿಯ ಮಡಿಲಲ್ಲಿರುವ ಐದಾರು ತಿಂಗಳ ಕೂಸು ಬಾಯಲ್ಲಿದ್ದ ರಬ್ಬರ್ ನಿಪ್ಪಲನ್ನು ಉಗುಳುತ್ತದೆ. ಅದು ನೆಲಕ್ಕೆ ಬೀಳುತ್ತದೆ. ಪಕ್ಕದಲ್ಲಿದ್ದವರು ಯಾರೋ ಎತ್ತಿ ಕೊಡುತ್ತಾರೆ. ತಾಯಿ ಅದನ್ನು ಸೆರಗಿನಿಂದ ಒರೆಸಿ, ಇಲ್ಲವೇ ತನ್ನ ಬಾಯಲ್ಲಿ ಒಮ್ಮೆ ಚೀಪಿ, ಮತ್ತೆ ಮಗುವಿನ ಬಾಯಿಗಿಡುತ್ತಾಳೆ. ಅಳು ನಿಲ್ಲುತ್ತದೆ, ಎಲ್ಲರಿಗೂ ಸಮಾಧಾನವಾಗುತ್ತದೆ.

ಎರಡು ದಿನ ಕಳೆದ ಮೇಲೆ ಮಗುವಿಗೆ ಭೇದಿ ಶುರುವಾದರೆ ಮನೆಯಲ್ಲಿ ಕಾರಣ ಹುಡುಕುತ್ತಾರೆ. 'ಹಲ್ಲು ಬರುವ ಕಾಲ, ಅದಕ್ಕೇ ಭೇದಿ' ಎಂದು ಅಜ್ಜಿ ಹೇಳುತ್ತಾರೆ. 'ದೃಷ್ಟಿ ತಾಗಿದೆ' ಎಂದು ಮತ್ತೊಬ್ಬರು. ನೆಲಕ್ಕೆ ಬಿದ್ದ ನಿಪ್ಪಲ್ ಮಾತ್ರ ಯಾರ ನೆನಪಿಗೂ ಬರುವುದಿಲ್ಲ. ವಾಸ್ತವವಾಗಿ ಹಲ್ಲು ಹುಟ್ಟುವುದರಿಂದ ಭೇದಿಯಾಗುವುದಿಲ್ಲ. ಹಲ್ಲು ಹುಟ್ಟುವ ವಯಸ್ಸಿನಲ್ಲಿ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ. ಅದರೊಡನೆ ರೋಗಾಣುಗಳೂ ಹೊಟ್ಟೆ ಸೇರುತ್ತವೆ. ಭೇದಿಗೆ ಕಾರಣ ಇದು.

ಇಲ್ಲಿ ನಿಪ್ಪಲ್ ಎಂದರೆ ಹಾಲಿನ ಬಾಟಲಿಗೆ ತೊಡಿಸುವ ನಿಪ್ಪಲ್ ಅಲ್ಲ. ಹಾಲಿಲ್ಲದೆ ಬರಿದೆ ಚೀಪಲೆಂದು ಕೊಡುವ, ಹಿಂದುಗಡೆ ಅಗಲವಾದ ಬಿಲ್ಲೆ ಮತ್ತು ಹಿಡಿಯಲು ಬಳೆಯಂಥ ಉಂಗುರ ಇರುವ ನಿಪ್ಪಲ್. ಅಂಗಡಿಗಳಲ್ಲಿ ಇದನ್ನು ಸೂದರ್ ಅಥವಾ ಪ್ಯಾಸಿಫೈಯರ್ ಎಂಬ ಹೆಸರಿನಿಂದ ಮಾರುತ್ತಾರೆ. ಇದನ್ನು ಶುದ್ಧವಾಗಿಡುವುದು ಹೇಗೆ ಎಂಬುದೇ ಈ ವಾರದ ವಿಷಯ. ಬಾಟಲಿಯ ನಿಪ್ಪಲ್‌ಗೂ ಬಹುಮಟ್ಟಿಗೆ ಇದೇ ಕ್ರಮ ಅನ್ವಯಿಸುತ್ತದೆ.

ಮಗು ಚೀಪುವುದೇಕೆ?

ಚೀಪುವುದು ಮಗು ಹುಟ್ಟಿದ ಮೇಲೆ ಕಲಿಯುವ ವಿದ್ಯೆಯಲ್ಲ. ತಾಯಿಯ ಗರ್ಭದಲ್ಲಿರುವಾಗಲೇ ಅದು ಹೆಬ್ಬೆರಳನ್ನು ಚೀಪುತ್ತಿರುತ್ತದೆ. ಚೀಪುವಾಗ ಮಗುವಿಗೆ ನೆಮ್ಮದಿ ಸಿಗುತ್ತದೆ, ನೋವು ಕಡಿಮೆಯಾದಂತೆನಿಸುತ್ತದೆ. ಅವಧಿಗೆ ಮುನ್ನ ಹುಟ್ಟಿ ನಳಿಗೆಯ ಮೂಲಕ ಹಾಲು ಪಡೆಯುತ್ತಿರುವ ಶಿಶುಗಳಿಗೆ ಕೆಲವು ಆಸ್ಪತ್ರೆಗಳಲ್ಲಿ ವೈದ್ಯರೇ ಚೀಪಲು ನಿಪ್ಪಲ್ ಕೊಡಿಸುವುದುಂಟು.

ಹಾಗೆಂದು ಪ್ರತಿ ಮಗುವಿಗೂ ಇದು ಬೇಕೇ ಬೇಕು ಎಂದಲ್ಲ. ಎದೆಹಾಲು ಕುಡಿಯುವ ಮಗು ಅತ್ತೊಡನೆ ಎದೆಗೆ ಹಾಕಿಕೊಳ್ಳುವುದೇ ಸರಿಯಾದ ಕ್ರಮ. ಹಸಿದು ಅಳುವ ಮಗುವಿಗೆ ನಿಪ್ಪಲ್ ಇಟ್ಟು ಸುಮ್ಮನಾಗಿಸಿದರೆ ಅದು ಚೀಪುವ ಶ್ರಮವೆಲ್ಲ ವ್ಯರ್ಥ, ಹಾಲು ಸಿಗುವುದಿಲ್ಲ. ಮಗು ಎದೆಯನ್ನು ಚೀಪುವುದು ಕಡಿಮೆಯಾದಷ್ಟೂ ತಾಯಿಯಲ್ಲಿ ಹಾಲಿನ ಉತ್ಪತ್ತಿಯೂ ಕಡಿಮೆಯಾಗುತ್ತದೆ. ಈ ಕಾರಣದಿಂದಲೇ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1989ರಲ್ಲಿ ಪ್ರಕಟಿಸಿದ ಹತ್ತು ಸೂತ್ರಗಳಲ್ಲಿ, ಎದೆಹಾಲು ಕುಡಿಯುವ ಶಿಶುಗಳಿಗೆ ಕೃತಕ ನಿಪ್ಪಲ್ ಕೊಡಬಾರದೆಂದು ಹೇಳಲಾಗಿತ್ತು. 2018ರಲ್ಲಿ ಈ ಸೂತ್ರಗಳನ್ನು ಪರಿಷ್ಕರಿಸಿದಾಗ, ಬಾಟಲಿ ಮತ್ತು ನಿಪ್ಪಲ್‌ಗಳ ಬಳಕೆ ಹಾಗೂ ಅಪಾಯಗಳ ಬಗ್ಗೆ ತಾಯಂದಿರಿಗೆ ತಿಳಿಹೇಳಬೇಕು ಎಂದು ಬದಲಾಯಿಸಲಾಯಿತು. ಇನ್ನೊಂದೆಡೆ, ನಿದ್ದೆಯಲ್ಲಿ ಶಿಶುಗಳು ಹಠಾತ್ತನೆ ಸಾಯುವ ಸಂಭವವನ್ನು ನಿಪ್ಪಲ್ ಕಡಿಮೆ ಮಾಡುತ್ತದೆಂಬ ಕಾರಣಕ್ಕೆ ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ, ಮಲಗಿಸುವಾಗ ಅದನ್ನು ಕೊಡಬಹುದೆಂದು 2005ರಿಂದ ಹೇಳುತ್ತ ಬಂದಿದೆ. ಆದರೆ ಅದು ಕೂಡ ಎದೆಹಾಲು ಕುಡಿಯುವುದು ಚೆನ್ನಾಗಿ ರೂಢಿಯಾದ ಮೇಲಷ್ಟೇ.

ಕೊಡುವುದೋ ಬಿಡುವುದೋ ನಿಮ್ಮ ಮನೆಯ ತೀರ್ಮಾನ. ಆದರೆ ಕೊಡುವುದೇ ಆದರೆ ಶುದ್ಧವಾದುದನ್ನೇ ಕೊಡಬೇಕು.

ಕೊಳೆ ಸೇರುವುದೆಲ್ಲಿ?

ಬಳಸಿದ ನಿಪ್ಪಲನ್ನು ಎರಡು ಬೆರಳಿನ ನಡುವೆ ಉಜ್ಜಿ ನೋಡಿ. ಕೈಗೆ ಜಾರುವಂಥ ಲೋಳೆ ತಾಗುತ್ತದೆ. ಮಗುವಿನ ಜೊಲ್ಲು, ಹಾಲಿನ ಜಿಡ್ಡು ಮತ್ತು ಅವುಗಳ ನಡುವೆ ಮನೆ ಮಾಡಿಕೊಂಡ ಸೂಕ್ಷ್ಮಜೀವಿಗಳು ಸೇರಿ ಆದ ಪದರ ಅದು. ಬರೀ ನೀರಿನಲ್ಲಿ ಅದ್ದಿ ತೆಗೆದರೆ ಈ ಪದರ ಹೋಗುವುದಿಲ್ಲ. ತೊಳೆಯದೆ ನೇರವಾಗಿ ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಜಿಡ್ಡು ಅಲ್ಲೇ ಅಂಟಿಕೊಂಡು ಉಳಿಯುತ್ತದೆ, ಹೊಸ ರೋಗಾಣುಗಳಿಗೆ ಅದೇ ಆಹಾರವಾಗುತ್ತದೆ. ಹಾಲು ಕಾಯಿಸಿದ ಪಾತ್ರೆಯನ್ನು ಉಜ್ಜದೆ ಬರೀ ಬಿಸಿನೀರು ಹಾಕಿಟ್ಟರೆ ಏನಾಗುತ್ತದೆ ಎಂಬುದು ಅಡಿಗೆಮನೆಯಲ್ಲಿ ಕೆಲಸ ಮಾಡುವ ಎಲ್ಲರಿಗೂ ಗೊತ್ತು. ಇಲ್ಲಿಯೂ ಅಷ್ಟೆ.

ಕೊಳೆ ಹೆಚ್ಚಾಗಿ ಸೇರುವುದು ಮೂರು ಜಾಗಗಳಲ್ಲಿ: ರಬ್ಬರ್ ಭಾಗ ಬಿಲ್ಲೆಗೆ ಸೇರುವ ಸಂದಿ, ಬಿಲ್ಲೆಯಲ್ಲಿ ಗಾಳಿಯಾಡಲು ಬಿಟ್ಟಿರುವ ರಂಧ್ರಗಳು, ಮತ್ತು ನಿಪ್ಪಲ್‌ನ ಒಳಗಿನ ಟೊಳ್ಳು. ತೊಳೆಯುವಾಗ ಹೆಚ್ಚಿನವರು ಹೊರಗಿನ ಭಾಗವನ್ನಷ್ಟೇ ಉಜ್ಜುತ್ತಾರೆ. ಈ ಮೂರು ಜಾಗಗಳು ಹಾಗೆಯೇ ಉಳಿಯುತ್ತವೆ.

ಶಿಶುಗಳ ನಾಲಿಗೆ ಮತ್ತು ಕೆನ್ನೆಯ ಒಳಭಾಗದಲ್ಲಿ ಮೊಸರು ಅಂಟಿದಂತೆ ಬಿಳಿಯ ಪದರ ಕಾಣುವುದುಂಟು. ಹಾಲಿನ ಕಲೆಯಾದರೆ ಬಟ್ಟೆಯಿಂದ ಒರೆಸಿದಾಗ ಹೋಗುತ್ತದೆ. ಹೋಗದಿದ್ದರೆ ಅದು ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು. ವೈದ್ಯರು ಬಾಯಿಗೆ ಹಚ್ಚಲು ಔಷಧಿ ಕೊಡುತ್ತಾರೆ, ಕಡಿಮೆಯಾಗುತ್ತದೆ. ಆದರೆ ಅದೇ ನಿಪ್ಪಲ್ ಮತ್ತೆ ಬಾಯಿಗೆ ಹೋದರೆ ಸೋಂಕೂ ಮರಳಿ ಬರಬಹುದು. ಆದುದರಿಂದ ಚಿಕಿತ್ಸೆ ನಡೆಯುವಷ್ಟು ದಿನ ನಿಪ್ಪಲನ್ನು ದಿನವೂ ಕುದಿಸಬೇಕು. ಗುಣವಾದ ಮೇಲೆ ಅದನ್ನು ಎಸೆದು ಹೊಸದನ್ನು ತರುವುದು ಇನ್ನೂ ಒಳ್ಳೆಯದು.

ತೊಳೆಯುವ ಕ್ರಮ

ಮೊದಲು ನಿಮ್ಮ ಕೈಗಳನ್ನು ಸೋಪು ಹಚ್ಚಿ ತೊಳೆದುಕೊಳ್ಳಿ. ಮಗುವಿನ ಮಲ ತೊಳೆದ ಕೈ, ಹಸಿ ತರಕಾರಿ ಹೆಚ್ಚಿದ ಕೈ ಎಷ್ಟೇ ಸ್ವಚ್ಛವಾಗಿ ಕಂಡರೂ ಸ್ವಚ್ಛವಲ್ಲ. ನಂತರ ಹೀಗೆ ಮಾಡಿ:

1. ನಿಪ್ಪಲನ್ನು ಹರಿಯುವ ನೀರಿನಲ್ಲಿ ಒಮ್ಮೆ ತೊಳೆದು ಜೊಲ್ಲು, ಧೂಳು ತೆಗೆಯಿರಿ.

2. ಒಂದು ಬಟ್ಟಲು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಸೋಪನ್ನು ಎರಡು ಹನಿ ಹಾಕಿ, ಅದರಲ್ಲಿ ನಿಪ್ಪಲನ್ನು ಉಜ್ಜಿ. ಪಾತ್ರೆ ಉಜ್ಜುವ ನಾರು, ಸ್ಟೀಲ್ ಜುಂಗು ಬೇಡ. ಅವು ರಬ್ಬರಿನ ಮೇಲೆ ಗೀರು ಹಾಕುತ್ತವೆ. ಗೀರಿನೊಳಗೆ ಕೊಳೆ ಕೂರುತ್ತದೆ. ಮೆತ್ತನೆಯ ಹೊಸ ಹಲ್ಲುಜ್ಜುವ ಬ್ರಷ್ ಒಂದನ್ನು ಇದಕ್ಕೆಂದೇ ಪ್ರತ್ಯೇಕವಾಗಿಡಿ. ಸಂದಿ ಮತ್ತು ರಂಧ್ರಗಳಿಗೆ ಅದು ಚೆನ್ನಾಗಿ ಹೋಗುತ್ತದೆ.

3. ಟೊಳ್ಳಾದ ಭಾಗವನ್ನು ನೀರಿನೊಳಗೇ ಎರಡು ಮೂರು ಸಲ ಹಿಚುಕಿ ಬಿಡಿ. ಒಳಗಿನ ನೀರು ಹೊರಬಂದು ಹೊಸ ನೀರು ಹೋಗುತ್ತದೆ.

4. ಸೋಪಿನ ಅಂಶ ಪೂರ್ತಿ ಹೋಗುವವರೆಗೆ ಶುದ್ಧ ನೀರಿನಲ್ಲಿ ಜಾಲಿಸಿ. ಮೂಗಿಗೆ ಹಿಡಿದರೆ ಸೋಪಿನ ವಾಸನೆ ಬರಬಾರದು.

ಬೂದಿ, ಸೋಪಿನ ಪುಡಿ, ಬಟ್ಟೆ ಒಗೆಯುವ ಪುಡಿ ಬಳಸಬೇಡಿ. ಗಾಯ ತೊಳೆಯುವ ಆಂಟಿಸೆಪ್ಟಿಕ್ ದ್ರಾವಣದಲ್ಲಿ ಅದ್ದಿಡುವ ರೂಢಿ ಕೆಲವು ಮನೆಗಳಲ್ಲಿದೆ. ಅದು ಮಗುವಿನ ಹೊಟ್ಟೆಗೆ ಹೋಗುವ ವಸ್ತುವಲ್ಲ. ಅದನ್ನೂ ಬಳಸಬೇಡಿ.

ಕುದಿಸುವ ಕ್ರಮ

ಮಗುವಿನ ನಿಪ್ಪಲ್ ಕುದಿಸಲು ಮುಚ್ಚಳವಿರುವ ಒಂದು ಸಣ್ಣ ಸ್ಟೀಲ್ ಪಾತ್ರೆಯನ್ನು ಬೇರೆಯಾಗಿ ಇಟ್ಟುಕೊಳ್ಳಿ. ಹುಳಿ, ಸಾರು ಮಾಡಿದ ಪಾತ್ರೆ ಬೇಡ. ಅದರ ಜಿಡ್ಡು, ವಾಸನೆ ರಬ್ಬರಿಗೆ ಹಿಡಿಯುತ್ತದೆ. ನಿಪ್ಪಲ್‌ಗಳು ಪೂರ್ತಿ ಮುಳುಗುವಷ್ಟು ನೀರು ಹಾಕಿ. ಟೊಳ್ಳಿನೊಳಗೆ ಗಾಳಿ ಸಿಕ್ಕಿಕೊಂಡಿದ್ದರೆ ನಿಪ್ಪಲ್ ತೇಲುತ್ತದೆ, ಮೇಲೆ ಉಳಿದ ಭಾಗಕ್ಕೆ ಶಾಖ ಸರಿಯಾಗಿ ತಾಗುವುದಿಲ್ಲ. ನೀರಿನಲ್ಲಿ ಹಿಚುಕಿ ಗಾಳಿ ಹೊರಗೆ ಬಿಡಿ. ತಳದಲ್ಲಿ ಮಡಿಚಿದ ಒಗೆದ ಹತ್ತಿಬಟ್ಟೆ ಹಾಸಿದರೆ ನಿಪ್ಪಲ್ ಬಿಸಿ ಲೋಹಕ್ಕೆ ತಗಲಿ ಹಾಳಾಗುವುದಿಲ್ಲ.

ನೀರು ಮಳಮಳನೆ ಕುದಿಯಲು ಆರಂಭಿಸಿದ ಮೇಲೆ ಗಡಿಯಾರ ನೋಡಿ. ಅಲ್ಲಿಂದ 5 ನಿಮಿಷ ಕುದಿಸಿದರೆ ಸಾಕು. ಒಲೆಯ ಮೇಲಿಟ್ಟ ಹೊತ್ತಿನಿಂದ ಎಣಿಸಬಾರದು. ಅರ್ಧ ಗಂಟೆ ಕುದಿಸಿದರೆ ಇನ್ನೂ ಶುದ್ಧವಾಗುತ್ತದೆಂಬ ಭಾವನೆ ಬೇಡ. ಅದರಿಂದ ರಬ್ಬರ್ ಬೇಗ ಸವೆಯುತ್ತದೆ, ಅಷ್ಟೆ. ಭೇದಿ, ವಾಂತಿ ತರುವ ಬಹುಪಾಲು ರೋಗಾಣುಗಳು 70 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖದಲ್ಲಿ ಕೆಲವೇ ನಿಮಿಷಗಳಲ್ಲಿ ಸಾಯುತ್ತವೆ. ಮಡಿಕೇರಿ, ಚಿಕ್ಕಮಗಳೂರಿನಂಥ ಎತ್ತರದ ಊರುಗಳಲ್ಲಿ ನೀರು 100 ಡಿಗ್ರಿಗೆ ಮೊದಲೇ, ಸುಮಾರು 96 ಡಿಗ್ರಿಯಲ್ಲಿ ಕುದಿಯುತ್ತದೆ. ಆದರೂ ಚಿಂತೆಯಿಲ್ಲ. ನಮ್ಮ ಕೆಲಸಕ್ಕೆ ಅಷ್ಟು ಶಾಖ ಧಾರಾಳವಾಯಿತು.

ಒಲೆ ಆರಿಸಿದ ಮೇಲೆ ಮುಚ್ಚಳ ತೆಗೆಯದೆ ಆರಲು ಬಿಡಿ. ಕುದಿಯುತ್ತಿರುವ ನೀರಿನ ಪಾತ್ರೆ ಮಕ್ಕಳ ಕೈಗೆ ಎಟುಕದಂತೆ ನೋಡಿಕೊಳ್ಳಿ. ನಿಪ್ಪಲ್ ಹೊರಗೆ ತೆಗೆಯುವಾಗ ಉಂಗುರ ಹಿಡಿದು ತೆಗೆಯಿರಿ. ಮಗುವಿನ ಬಾಯಿಗೆ ಹೋಗುವ ಭಾಗವನ್ನು ಮುಟ್ಟಬೇಡಿ. ಟೊಳ್ಳಿನೊಳಗೆ ಬಿಸಿನೀರು ಉಳಿದಿರುತ್ತದೆ ಎಂಬುದನ್ನು ಮರೆಯಬಾರದು. ಹೊರಗಡೆ ತಣ್ಣಗಾದಂತೆ ಕಂಡರೂ ಒಳಗಿನ ನೀರು ಸುಡುತ್ತಿರಬಹುದು. ಪೂರ್ತಿ ತಣಿದ ಮೇಲೆ ಹಿಚುಕಿ ನೀರು ತೆಗೆದು ನಂತರವೇ ಮಗುವಿಗೆ ಕೊಡಿ.

ಕೊಳವೆ ಬಾವಿಯ ಗಡಸು ನೀರಿರುವ ಕಡೆ ಕುದಿಸಿದ ನಿಪ್ಪಲ್ ಮೇಲೆ ಬಿಳಿಯ ಸುಣ್ಣದ ಪುಡಿ ಕಟ್ಟುತ್ತದೆ. ಅದು ವಿಷವಲ್ಲ. ಆದರೆ ಮೇಲ್ಮೈ ಒರಟಾಗಿ ಕೊಳೆ ಹಿಡಿಯಲು ಅನುಕೂಲವಾಗುತ್ತದೆ. ಅಂಥ ಕಡೆ ಕುದಿಸಲು ಸೋಸಿದ ಕುಡಿಯುವ ನೀರನ್ನೇ ಬಳಸಿ. ಫಿಲ್ಟರ್ ನೀರು ಎಂದ ಮಾತ್ರಕ್ಕೆ ಕುದಿಸದೆ ಬರೀ ಅದರಲ್ಲಿ ಜಾಲಿಸಿದರೆ ಸಾಲದು.

ಒಣಗಿಸುವುದು, ಇಡುವುದು

ಅನೇಕ ಮನೆಗಳಲ್ಲಿ ತಪ್ಪಾಗುವುದು ಇಲ್ಲಿಯೇ. ಶ್ರಮಪಟ್ಟು ಕುದಿಸಿದ ನಿಪ್ಪಲನ್ನು ಅಡಿಗೆಮನೆಯ ಕೈಒರೆಸುವ ಬಟ್ಟೆಯಿಂದ ಒರೆಸಿದರೆ ಕುದಿಸಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ದಿನವಿಡೀ ಒದ್ದೆಯಾಗಿರುವ ಆ ಬಟ್ಟೆ ಮನೆಯ ಅತ್ಯಂತ ಕೊಳಕಾದ ವಸ್ತುಗಳಲ್ಲಿ ಒಂದು. ನಿಪ್ಪಲನ್ನು ಒರೆಸಲೇಬೇಡಿ. ಶುದ್ಧವಾದ ಸ್ಟೀಲ್ ಜರಡಿಯಲ್ಲಿಟ್ಟು, ಮೇಲೆ ಒಗೆದ ತೆಳುಬಟ್ಟೆ ಮುಚ್ಚಿ, ಗಾಳಿಗೆ ಒಣಗಲು ಬಿಡಿ. ಬಿಸಿಲಿಗೆ ಇಡುವುದು ಬೇಡ. ಬಿಸಿಲು ರಬ್ಬರನ್ನು ಬಿರುಕು ಬಿಡಿಸುತ್ತದೆ.

ಒಣಗಿದ ಮೇಲೆ, ಅದೇ ರೀತಿ ಕುದಿಸಿ ಒಣಗಿಸಿದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮುಚ್ಚಿಡಿ. ತೇವವಿದ್ದಾಗಲೇ ಮುಚ್ಚಿಟ್ಟರೆ ಬೂಷ್ಟು ಬರುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಂತೂ ಈ ಬಗ್ಗೆ ವಿಶೇಷ ಗಮನ ಬೇಕು. ಮುಚ್ಚಿಟ್ಟರೂ ಒಂದು ದಿನ ಕಳೆದರೆ ಮತ್ತೆ ಕುದಿಸಿಯೇ ಬಳಸಿ.

ಹೊರಗೆ ಹೋದಾಗ

ಒಂದೇ ನಿಪ್ಪಲ್ ಇದ್ದರೆ ಕೊಳಕಾದಾಗಲೂ ಅದನ್ನೇ ಕೊಡಬೇಕಾಗುತ್ತದೆ. ನಾಲ್ಕೈದು ಇದ್ದರೆ ಈ ತೊಂದರೆಯಿಲ್ಲ. ಬೆಳಿಗ್ಗೆ ಹಾಲು ಕಾಯಿಸುವ ಹೊತ್ತಿಗೆ ಪಕ್ಕದ ಒಲೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಕುದಿಸಿಟ್ಟರೆ ಇಡೀ ದಿನಕ್ಕೆ ಆಯಿತು. ಊರಿಗೆ ಹೊರಟಾಗ ಶುದ್ಧವಾದವುಗಳಿಗೆ ಒಂದು ಡಬ್ಬಿ, ಬಿದ್ದವುಗಳಿಗೆ ಇನ್ನೊಂದು ಡಬ್ಬಿ ಇರಲಿ. ಬಿದ್ದದ್ದು ಎರಡನೆಯ ಡಬ್ಬಿಗೆ ಹೋಗಬೇಕು, ಮನೆಗೆ ಬರುವವರೆಗೆ ಹೊರಗೆ ಬರಬಾರದು. ಕೈಯಲ್ಲಿದ್ದವೆಲ್ಲ ಮುಗಿದರೆ? ಮಗುವನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ಓಡಾಡಿ, ಎದೆಹಾಲು ಕೊಡಿ. ನಿಪ್ಪಲ್ ಇಲ್ಲದೆ ಮಗು ಸ್ವಲ್ಪ ಹೊತ್ತು ಅತ್ತರೆ ಅದರಿಂದ ಅಪಾಯವೇನೂ ಇಲ್ಲ.

ಬೇರೆ ವಿಧಾನಗಳು

ಹಬೆಯಿಂದ ಶುದ್ಧಗೊಳಿಸುವ ವಿದ್ಯುತ್ ಉಪಕರಣಗಳು ಅಂಗಡಿಗಳಲ್ಲಿ ಸಿಗುತ್ತವೆ. ಇದ್ದರೆ ಅನುಕೂಲ, ಇಲ್ಲವೆಂದು ಕೊರಗುವ ಅಗತ್ಯವಿಲ್ಲ. ಕುದಿಯುವ ನೀರು ಅಷ್ಟೇ ಕೆಲಸ ಮಾಡುತ್ತದೆ. ಉಪಕರಣದಲ್ಲಿ ಇಡುವ ಮುನ್ನವೂ ತೊಳೆಯುವುದು ಕಡ್ಡಾಯ. ಕ್ಲೋರಿನ್ ಮಾತ್ರೆಗಳಿಂದ ದ್ರಾವಣ ಮಾಡಿ ಅದ್ದಿಡುವ ವಿಧಾನವೂ ಉಂಟು. ಮಗುವಿನ ಸಾಮಾನಿಗೆಂದೇ ತಯಾರಿಸಿದ ಮಾತ್ರೆಯಾಗಿರಬೇಕು, ಪೊಟ್ಟಣದ ಮೇಲೆ ಬರೆದ ಅಳತೆ, ಅವಧಿ ಮೀರಬಾರದು, ದ್ರಾವಣವನ್ನು ದಿನವೂ ಬದಲಿಸಬೇಕು. ನೆಲ ಒರೆಸುವ ಬ್ಲೀಚಿಂಗ್ ಪುಡಿಯನ್ನು ಅಂದಾಜಿನ ಮೇಲೆ ಕಲಸುವುದು ಬೇಡ.

ಒಳಗೆ ನೀರು ಅಥವಾ ಜೆಲ್ ತುಂಬಿದ, ಒಸಡಿಗೆ ಕಚ್ಚಲು ಕೊಡುವ ಟೀದರ್‌ಗಳನ್ನು ಕುದಿಸಬಾರದು. ಅವು ಒಡೆಯುತ್ತವೆ. ಸೋಪು ನೀರಿನಲ್ಲಿ ತೊಳೆದರೆ ಸಾಕು. ಕೈಗೆ ಕಟ್ಟಿದ ಬಜೆಯ ಮಣಿಯನ್ನೂ ಮಗು ಚೀಪುತ್ತದೆ. ಅದನ್ನು ಹೀಗೆ ಕುದಿಸಿ ಶುದ್ಧ ಮಾಡುವಂತಿಲ್ಲ, ಚೂರು ಕಿತ್ತುಬಂದರೆ ಗಂಟಲಿಗೆ ಸಿಲುಕಬಹುದು. ಕಟ್ಟದಿರುವುದೇ ಲೇಸು.

ಎಷ್ಟು ತಿಂಗಳವರೆಗೆ?

ಹೊಸ ನಿಪ್ಪಲನ್ನು ಮೊದಲ ಬಳಕೆಗೆ ಮುನ್ನ ಕುದಿಸಲೇಬೇಕು. ಆರು ತಿಂಗಳು ತುಂಬುವವರೆಗೆ ದಿನಕ್ಕೊಮ್ಮೆ ಕುದಿಸಿ. ಅಲ್ಲಿಂದ ಮುಂದೆ ಮಗುವಿಗೆ ಸ್ವಲ್ಪ ರೋಗನಿರೋಧಕ ಶಕ್ತಿ ಬಂದಿರುತ್ತದೆ, ತೆವಳುತ್ತ ನೆಲದ ಮೇಲಿನದನ್ನೆಲ್ಲ ಬಾಯಿಗೆ ಹಾಕಿಕೊಳ್ಳಲೂ ಕಲಿತಿರುತ್ತದೆ. ಆಗ ದಿನವೂ ಸೋಪು, ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದು, ವಾರಕ್ಕೆರಡು ಸಲ ಕುದಿಸಿದರೆ ನಡೆಯುತ್ತದೆ. ನಲ್ಲಿಯ ನೀರಿನ ಬಗ್ಗೆ ಸಂಶಯವಿದ್ದರೆ, ಮಗು ಅವಧಿಗೆ ಮುನ್ನ ಹುಟ್ಟಿದ್ದರೆ, ತೂಕ ಕಡಿಮೆಯಿದ್ದರೆ, ಒಂದು ವರ್ಷದವರೆಗೂ ದಿನವೂ ಕುದಿಸುವುದನ್ನು ಬಿಡಬೇಡಿ.

ನಿಪ್ಪಲ್‌ಗಳಲ್ಲಿ ಎರಡು ಬಗೆ. ಹಳದಿ, ಕಂದು ಬಣ್ಣದ್ದು ಲ್ಯಾಟೆಕ್ಸ್, ಅಂದರೆ ರಬ್ಬರ್ ಮರದ ಹಾಲಿನಿಂದ ಮಾಡಿದ್ದು. ಮೆತ್ತಗಿರುತ್ತದೆ, ಆದರೆ ಶಾಖ ಮತ್ತು ಬೆಳಕಿಗೆ ಬೇಗ ಹಾಳಾಗುತ್ತದೆ. ನೀರಿನಂತೆ ಪಾರದರ್ಶಕವಾದದ್ದು ಸಿಲಿಕೋನ್. ಶಾಖ ತಡೆಯುತ್ತದೆ, ಆದರೆ ಮಗುವಿನ ಹಲ್ಲು ತಾಗಿ ಒಂದು ಕಡೆ ಸೀಳಿದರೆ ಸರ್ರನೆ ಹರಿಯುತ್ತದೆ. ಯಾವುದೇ ಆಗಲಿ, ಕೊಡುವ ಮುನ್ನ ಪ್ರತಿಸಲವೂ ನಿಪ್ಪಲನ್ನು ಎಲ್ಲ ದಿಕ್ಕಿಗೂ ಎಳೆದು ನೋಡಿ. ಅಂಟಾಗಿದ್ದರೆ, ಉಬ್ಬಿದ್ದರೆ, ಬಣ್ಣ ಬದಲಾಗಿದ್ದರೆ, ಸಣ್ಣ ಬಿರುಕು ಕಂಡರೂ ಎಸೆದುಬಿಡಿ. ಚೆನ್ನಾಗಿ ಕಂಡರೂ ಒಂದೆರಡು ತಿಂಗಳಿಗೊಮ್ಮೆ ಬದಲಿಸಿ. ಅಕ್ಕನ ಮಗುವಿನದನ್ನು ತಂಗಿಯ ಮಗುವಿಗೆ ಎತ್ತಿಡುವುದು ಬೇಡ.

ಕೊಳ್ಳುವಾಗ ಬಿಡಿಭಾಗಗಳಿಲ್ಲದೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದನ್ನು ಆರಿಸಿ. ಬಿಲ್ಲೆ ಮಗುವಿನ ಬಾಯಿಗಿಂತ ಅಗಲವಾಗಿರಬೇಕು, ಅದರಲ್ಲಿ ಗಾಳಿಯಾಡುವ ರಂಧ್ರಗಳಿರಬೇಕು. ಹಾಲಿನ ಬಾಟಲಿಯ ನಿಪ್ಪಲ್‌ಗೆ ಹತ್ತಿ ತುರುಕಿ ಚೀಪಲು ಕೊಡುವ ಪದ್ಧತಿ ತೀರಾ ಅಪಾಯಕರ. ಅದು ಕಳಚಿ ಗಂಟಲಿಗಿಳಿದರೆ ಉಸಿರು ಕಟ್ಟುತ್ತದೆ.

ಈ ಎರಡನ್ನು ಮಾಡಲೇಬೇಡಿ

ಒಂದು, ಬೀಳದಿರಲೆಂದು ನಿಪ್ಪಲ್‌ಗೆ ದಾರ ಕಟ್ಟಿ ಮಗುವಿನ ಕೊರಳಿಗೆ ಹಾಕುವುದು. ತೊಟ್ಟಿಲಿನ ಅಂಚಿಗೋ ಮಂಚದ ಮೂಲೆಗೋ ದಾರ ಸಿಕ್ಕಿಕೊಂಡರೆ ಕುತ್ತಿಗೆಗೆ ಉರುಳಾಗುತ್ತದೆ. ನಿಪ್ಪಲ್ ಬಿದ್ದರೆ ತೊಳೆಯಬಹುದು.

ಎರಡು, ನಿಪ್ಪಲನ್ನು ಜೇನುತುಪ್ಪ, ಸಕ್ಕರೆ, ಬೆಲ್ಲದಲ್ಲಿ ಅದ್ದಿ ಕೊಡುವುದು. ಜೇನಿನಲ್ಲಿ ಬಾಟುಲಿಸಂ ಎಂಬ ರೋಗ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಬೆಳೆಯುವುದಿಲ್ಲ. ಒಂದು ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಬೆಳೆದು ವಿಷ ಉತ್ಪಾದಿಸಬಲ್ಲವು. ಮಗುವಿನ ಸ್ನಾಯುಗಳು ಸೋತು ಉಸಿರಾಟಕ್ಕೇ ತೊಂದರೆಯಾಗಬಹುದು. ಈ ಬೀಜಾಣುಗಳು ಸಾಮಾನ್ಯ ಕುದಿತಕ್ಕೆ ಸಾಯುವುದಿಲ್ಲ. ಸಕ್ಕರೆ, ಬೆಲ್ಲವಾದರೋ ಹೊಸದಾಗಿ ಹುಟ್ಟಿದ ಹಲ್ಲನ್ನು ಕೊಳೆಸುತ್ತವೆ.

ಕೆಲವು ಸಂದೇಹಗಳು

ತಾಯಿ ಬಾಯಲ್ಲಿ ಚೀಪಿ ಕೊಟ್ಟರೆ ತಪ್ಪೇನು?

2013ರಲ್ಲಿ ಸ್ವೀಡನ್ನಿನಲ್ಲಿ 184 ಶಿಶುಗಳ ಮೇಲೆ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ತಂದೆತಾಯಿ ನಿಪ್ಪಲನ್ನು ಬಾಯಲ್ಲಿ ಚೀಪಿ ಕೊಡುತ್ತಿದ್ದ ಮಕ್ಕಳಲ್ಲಿ ಚರ್ಮದ ಅಲರ್ಜಿ ಕಡಿಮೆ ಎಂದು ಅದರಲ್ಲಿ ಕಂಡುಬಂದಿತ್ತು. ಇದನ್ನೇ ಹಿಡಿದು ಈ ರೂಢಿ ಒಳ್ಳೆಯದೆಂದು ವಾದಿಸುವವರುಂಟು. ಅದು ಚಿಕ್ಕ ಅಧ್ಯಯನ. ಹಲ್ಲು ಕೊಳೆಸುವ ಬ್ಯಾಕ್ಟೀರಿಯಾ ದೊಡ್ಡವರ ಎಂಜಲಿನಿಂದ ಮಗುವಿಗೆ ದಾಟುತ್ತದೆ ಎಂಬುದು ಚೆನ್ನಾಗಿ ತಿಳಿದಿರುವ ಸಂಗತಿ. ತುಟಿಯ ಮೇಲೆ ಹರ್ಪಿಸ್ ಗುಳ್ಳೆ ಎದ್ದಿರುವವರ ಎಂಜಲು ಎಳೆಯ ಶಿಶುವಿಗೆ ಪ್ರಾಣಾಂತಿಕವೂ ಆಗಬಹುದು. ಎಲೆ ಅಡಿಕೆ, ತಂಬಾಕು ಹಾಕುವ ಬಾಯಿಯಾದರೆ ಹೇಳುವುದೇ ಬೇಡ.

ಪ್ರೆಷರ್ ಕುಕ್ಕರಿನಲ್ಲಿ ಬೇಯಿಸಬಹುದೇ?

ಕುಕ್ಕರಿನ ಒಳಗೆ ಶಾಖ ಸುಮಾರು 120 ಡಿಗ್ರಿ ಮುಟ್ಟುತ್ತದೆ. ಲ್ಯಾಟೆಕ್ಸ್ ಬೇಗ ಕೆಡುತ್ತದೆ, ಪ್ಲಾಸ್ಟಿಕ್ ಬಿಲ್ಲೆ ಸೊಟ್ಟಗಾಗಬಹುದು. ಮನೆಯಲ್ಲಿ ಅಷ್ಟು ಶಾಖದ ಅಗತ್ಯವಿಲ್ಲ.

ಹಾಲು ಕುಡಿಸಲು ಬಾಟಲಿ ಒಳ್ಳೆಯದೋ ಒಳಲೆಯೋ?

ಎದೆಹಾಲು ಸಾಲದೆ ಅಥವಾ ಬೇರೆ ಕಾರಣಕ್ಕೆ ಮೇಲುಹಾಲು ಕೊಡಬೇಕಾದಲ್ಲಿ ಒಳಲೆ, ಇಲ್ಲವೇ ಬಟ್ಟಲು ಚಮಚವೇ ಉತ್ತಮ. ಅವುಗಳಲ್ಲಿ ಸಂದಿಗೊಂದಿಗಳಿಲ್ಲ, ಉಜ್ಜಿ ಕುದಿಸುವುದು ಸುಲಭ. ನಮ್ಮ ದೇಶದಲ್ಲಿ ಹಾಲಿನ ಬಾಟಲಿ, ಶಿಶುಹಾಲಿನ ಪುಡಿಗಳ ಜಾಹೀರಾತನ್ನು 1992ರ ಕಾಯಿದೆಯೇ ನಿಷೇಧಿಸಿದೆ.

ಭೇದಿ ಶುರುವಾದರೆ

ಎಷ್ಟು ಎಚ್ಚರಿಕೆಯಿಂದಿದ್ದರೂ ಒಮ್ಮೊಮ್ಮೆ ಭೇದಿಯಾಗಬಹುದು. ಎದೆಹಾಲು ನಿಲ್ಲಿಸಬೇಡಿ, ಇನ್ನೂ ಹೆಚ್ಚು ಸಲ ಕೊಡಿ. ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ ಚಮಚದಿಂದ ಕುಡಿಸಿ. ಅದು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ಉಚಿತವಾಗಿ ಸಿಗುತ್ತದೆ. ಜೊತೆಗೆ 14 ದಿನ ಕೊಡಬೇಕಾದ ಸತುವಿನ ಮಾತ್ರೆಯನ್ನು ವೈದ್ಯರು ವಯಸ್ಸಿಗೆ ತಕ್ಕಂತೆ ಬರೆದುಕೊಡುತ್ತಾರೆ. ನೆತ್ತಿಯ ಮೆತ್ತನೆಯ ಭಾಗ ಒಳಗೆ ಕುಸಿದಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಆರು ಗಂಟೆಯಿಂದ ಮೂತ್ರ ಮಾಡದಿದ್ದರೆ, ಮಗು ಮಂಕಾಗಿ ಹಾಲು ಕುಡಿಯಲೂ ಆಗದಂತಿದ್ದರೆ, ಮಲದಲ್ಲಿ ರಕ್ತ ಕಂಡರೆ ಮನೆಮದ್ದಿಗೆ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಮೂರು ತಿಂಗಳೊಳಗಿನ ಮಗುವಾದರೆ ಸಾಮಾನ್ಯ ಭೇದಿಗೂ ವೈದ್ಯರನ್ನು ಕಾಣಬೇಕು.

ಎಳೆಯ ಮಕ್ಕಳ ತೀವ್ರ ಭೇದಿಗೆ ಮುಖ್ಯ ಕಾರಣವಾದ ರೋಟಾ ವೈರಸ್‌ಗೆ ಲಸಿಕೆಯಿದೆ. 2016ರಲ್ಲಿ ಆರಂಭವಾಗಿ ಇಡೀ ದೇಶದ ಉಚಿತ ಲಸಿಕಾ ಕಾರ್ಯಕ್ರಮಕ್ಕೆ ಸೇರಿರುವ ಈ ಹನಿಗಳನ್ನು 6, 10 ಮತ್ತು 14ನೇ ವಾರದಲ್ಲಿ ತಪ್ಪದೆ ಹಾಕಿಸಿ.

ಬಿಡಿಸುವುದು ಯಾವಾಗ?

ಆರು ತಿಂಗಳ ನಂತರವೂ ಸದಾ ನಿಪ್ಪಲ್ ಚೀಪುವ ಮಕ್ಕಳಲ್ಲಿ ಕಿವಿಯ ಒಳಭಾಗದ ಸೋಂಕು ಹೆಚ್ಚು. ಎರಡು ಮೂರು ವರ್ಷ ದಾಟಿದರೆ ಮುಂದಿನ ಹಲ್ಲುಗಳು ಮೇಲೆ ಕೆಳಗೆ ಕೂಡದೆ ನಡುವೆ ಕಂಡಿ ಬೀಳುತ್ತದೆ. ಆದುದರಿಂದ ಆರು ತಿಂಗಳಾದ ಮೇಲೆ ಹಗಲಿನಲ್ಲಿ ಕಡಿಮೆ ಮಾಡುತ್ತ ಬನ್ನಿ, ಮಲಗುವ ಹೊತ್ತಿಗಷ್ಟೇ ಇರಲಿ. ವರ್ಷ ತುಂಬುವ ಹೊತ್ತಿಗೆ ಅದನ್ನೂ ಬಿಡಿಸಲು ಪ್ರಯತ್ನಿಸಿ. ಬೇವಿನ ರಸ, ಖಾರ ಹಚ್ಚಿ ಹೆದರಿಸುವುದು ಬೇಡ. ಎತ್ತಿಕೊಂಡು ಮಾತಾಡಿಸಿ, ಆಟ ಆಡಿಸಿ, ಮಗು ತಾನಾಗಿ ಮರೆಯುತ್ತದೆ.

ಹೆರಿಗೆಯ ನಂತರದ ತಿಂಗಳುಗಳಲ್ಲಿ ತಾಯಿಗೆ ನಿದ್ದೆಯೇ ಇರುವುದಿಲ್ಲ. ತೊಳೆ, ಕುದಿಸು, ಒಣಗಿಸು ಎಂದು ಇನ್ನೊಂದು ಕೆಲಸವನ್ನೂ ಅವಳ ತಲೆಗೇ ಕಟ್ಟುವುದು ನ್ಯಾಯವಲ್ಲ. ಬೆಳಿಗ್ಗೆ ಹತ್ತು ನಿಮಿಷದ ಈ ಕೆಲಸವನ್ನು ಮಗುವಿನ ತಂದೆ ವಹಿಸಿಕೊಳ್ಳಬಹುದು, ಅಜ್ಜ ವಹಿಸಿಕೊಳ್ಳಬಹುದು. ನೀರು ಕುದಿಸಿ ಗಡಿಯಾರ ನೋಡಲು ಬರುವ ಯಾರಿಗಾದರೂ ಇದು ಸಾಧ್ಯ.